ಆನೆಯ ಹಿಂಗಾಲಿಗೆ ಎಷ್ಟು ಉಗುರು?

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳದ್ದೇ ಸಾಲು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಇಕ್ಕೇರಿ, ಕೆಳದಿ, ಜೋಗ, ಸಿಗಂದೂರು ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿ ನಡುರಾತ್ರಿ ಮನೆ ಮುಟ್ಟುವ ಪ್ರವಾಸಗಳು. ಮರುದಿನ ತರಗತಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಬಸ್ಸಿನಲ್ಲಿ ಹಾಕಿದ ಹಾಡು ಮತ್ತು ಯಾರು ಎಷ್ಟು ಸಲ ವಾಂತಿ ಮಾಡಿಕೊಂಡರು ಎಂಬ ವಿವರ ಸಿಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಒಂದೇ ಕೋಣೆಯಲ್ಲಿ ಪಾಠ ಮಾಡುವವಳು ನಾನು. ಇಂಥ ಪ್ರವಾಸದ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿಗೆ ಬಸ್ಸೂ ಬೇಕು, ಹಾಡೂ ಬೇಕು. ಅದನ್ನು ಪರಿಸರ ಅಧ್ಯಯನದ ಲೆಕ್ಕಕ್ಕೆ ಬರೆಯಲು ಮಾತ್ರ ನನಗೆ ಕೈ ಬರುವುದಿಲ್ಲ.

ನಾನು ರೂಢಿಸಿಕೊಂಡ ಕ್ರಮ ಸರಳ. ಎಲ್ಲಿಗೆ ಹೊರಟರೂ ಒಂದು ಪ್ರಶ್ನೆ ಹಿಡಿದು ಹೊರಡಬೇಕು. ಅದರ ಉತ್ತರ ಪಠ್ಯಪುಸ್ತಕದಲ್ಲಿ ಇರಕೂಡದು, ನನ್ನ ಬಾಯಿಂದಲೂ ಬರಕೂಡದು. ಅಲ್ಲಿ ನಿಂತು ಕಣ್ಣಿಟ್ಟು ನೋಡಿದವರಿಗೆ ಮಾತ್ರ ಸಿಗಬೇಕು. ಪ್ರಶ್ನೆ ಹುಡುಕುವುದೇ ಕಷ್ಟದ ಕೆಲಸ. ಬಸ್ಸು ಗೊತ್ತು ಮಾಡುವುದು ಅದರ ಮುಂದೆ ಏನೂ ಅಲ್ಲ.

ಜೂನ್, ಜುಲೈ ತಿಂಗಳಲ್ಲಿ ಎಲ್ಲಿಗೂ ಹೋಗಲಾಗದು. ಜಗಲಿಯ ತುಂಬ ಕೊಡೆಗಳು, ಒದ್ದೆ ಚೀಲಗಳನ್ನು ಅಡುಗೆ ಕೋಣೆಯ ಒಲೆಯ ಬಿಸಿಗೆ ಒರಗಿಸಿದ್ದು, ಮಾಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ನಾನು ಹೇಳಿದ್ದು ಹಿಂದಿನ ಸಾಲಿಗೆ ಕೇಳದಿರುವುದು. ಜಿಲ್ಲಾಡಳಿತ ಮಳೆ ರಜೆ ಘೋಷಿಸಿದರೆ ಪಾಠ ಇನ್ನೂ ಹಿಂದೆ ಬೀಳುತ್ತದೆ. ಹಾಗಾಗಿ ಮಳೆಯನ್ನೇ ಪಾಠ ಮಾಡಿಕೊಂಡೆವು. ಶಾಲೆಯ ಅಂಗಳದ ಬಯಲಿನಲ್ಲಿ, ಮರದ ಹನಿ ಬೀಳದ ಕಡೆ, ನೆಟ್ಟಗಿನ ಗೋಡೆಯ ಒಂದು ಡಬ್ಬ ಇಟ್ಟು ಅದಕ್ಕೆ ಸುತ್ತ ಕಲ್ಲು ಕೊಟ್ಟೆವು. ತಂಪು ಪಾನೀಯದ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡುವವರು ಹೆಚ್ಚು. ಅದರ ತಳ ಉಬ್ಬುತಗ್ಗಾಗಿರುವುದರಿಂದ ಮೊದಲಿನ ಅಳತೆಯೇ ತಪ್ಪುತ್ತದೆ. ಬಾಟಲಿಯೇ ಗತಿ ಎಂದಾದರೆ ತಳದ ಉಬ್ಬು ಮುಚ್ಚುವವರೆಗೆ ನೀರು ತುಂಬಿ, ಆ ಮಟ್ಟವನ್ನೇ ಸೊನ್ನೆ ಎಂದು ಗುರುತು ಹಾಕಿಕೊಳ್ಳಬೇಕು.

ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ನಾವು ಪ್ರಾರ್ಥನೆಗೆ ಮೊದಲು ಅಳೆದು, ಚೆಲ್ಲಿ, ಗೋಡೆಯ ಪಟ್ಟಿಯಲ್ಲಿ ಬರೆಯುತ್ತೇವೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಈ ಒಂದು ಮಾತು ತಿಳಿದ ಮೇಲೆ ಐದನೆಯವರಿಗೆ ಗುಣಾಕಾರದ ಲೆಕ್ಕವನ್ನು ನಾನು ಕೊಡಬೇಕಾಗಿಯೇ ಬರಲಿಲ್ಲ. ಶಾಲೆಯ ಮಾಡಿನ ಮೇಲೆ ಇವತ್ತು ಎಷ್ಟು ಕೊಡ ಬಿತ್ತು, ತಮ್ಮ ಮನೆಯ ಅಂಗಳಕ್ಕೆ ಎಷ್ಟು ಎಂದು ತಾವೇ ಹಾಕಿಕೊಂಡು ಕೂರುತ್ತಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ ಎಂದು ಹೇಳಿದ ಮೇಲೆ ಅದರೊಂದಿಗೆ ಪೈಪೋಟಿಯೂ ಶುರುವಾಯಿತು. ಒಂದು ಬೆಳಿಗ್ಗೆ ನಮ್ಮ ಡಬ್ಬದಲ್ಲಿ ಆಗುಂಬೆಯೇ ನಾಚುವಷ್ಟು ನೀರು. ಹಿಂದಿನ ರಾತ್ರಿ ಹನಿ ಬಿದ್ದದ್ದೇ ಕಡಿಮೆ. ಯಾರು ಸುರಿದರೆಂದು ನಾನು ವಿಚಾರಿಸಲಿಲ್ಲ. ಆ ದಿನದ ಅಂಕಿಯನ್ನು ಪಟ್ಟಿಯಲ್ಲಿ ಬರೆಯಬೇಕೇ ಬೇಡವೇ ಎಂದು ಮಕ್ಕಳನ್ನೇ ಕೇಳಿದೆ. ಅರ್ಧ ಗಂಟೆಯ ಚರ್ಚೆಯ ನಂತರ ಬರೆಯಬಾರದು, ಆ ಮನೆಯನ್ನು ಖಾಲಿ ಬಿಡಬೇಕು ಎಂದು ತೀರ್ಮಾನಿಸಿದರು. ವಿಜ್ಞಾನದ ಯಾವ ಪಾಠವೂ ಅಷ್ಟು ಚೆನ್ನಾಗಿ ಇಳಿದದ್ದನ್ನು ನಾನು ಕಂಡಿಲ್ಲ.

ಮಳೆ ಹೊಳವಾದ ದಿನ ಪಕ್ಕದ ತೋಟಕ್ಕೆ ನಡೆದು ಹೋಗುತ್ತೇವೆ. ಮಲೆನಾಡಿನ ಮಕ್ಕಳಿಗೆ ಅಡಿಕೆ ತೋಟ ತೋರಿಸುವುದೇನು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರು ನಕ್ಕಿದ್ದರು. ನಿಜ, ಅವರಿಗೆ ಕೊಯ್ಯುವ ದೋಟಿ ಗೊತ್ತು, ಅಡಿಕೆಯ ಗೊನೆ ಗೊತ್ತು, ಉದುರಿದ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುವುದಂತೂ ಬಹಳ ಚೆನ್ನಾಗಿ ಗೊತ್ತು. ಆದ್ದರಿಂದ ಅವರು ದಿನವೂ ಕಂಡು ಯೋಚಿಸದೆ ಬಿಟ್ಟದ್ದನ್ನೇ ಪ್ರಶ್ನೆ ಮಾಡಿದೆ: ಅಡಿಕೆ ಕಾಯಿಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಏಕೆ ಕಲಸುವುದಿಲ್ಲ?

ತೋಟದ ಯಜಮಾನರು ಆ ಔಷಧಿಯನ್ನು, ಅಂದರೆ ಬೋರ್ಡೋ ದ್ರಾವಣವನ್ನು, ತಯಾರಿಸುವುದನ್ನು ಮಕ್ಕಳು ದೂರದಲ್ಲಿ ನಿಂತು ನೋಡಿದರು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಆಮೇಲೆ ಕೂಡಿಸಿದರೆ ನೂರು ಲೀಟರ್. ಶೇಕಡಾ ಒಂದು ಎಂದರೇನು ಎಂಬುದು ಅಲ್ಲಿಯೇ ಮುಗಿಯಿತು. ನಂತರ ಅವರು ತಮ್ಮ ಕತ್ತಿಯ ಅಲಗನ್ನು ಕಲ್ಲಿಗೆ ಉಜ್ಜಿ, ಹೊಳಪು ಬಂದ ಮೇಲೆ ದ್ರಾವಣದಲ್ಲಿ ಅದ್ದಿ ತೆಗೆದರು. ಅಲಗಿನ ತುದಿಗೆ ಕೆಂಪು ಬಣ್ಣ ಹತ್ತಿತ್ತು. "ಸುಣ್ಣ ಸಾಲದು" ಎಂದು ಇನ್ನಷ್ಟು ಸುಣ್ಣದ ತಿಳಿ ಸುರಿದು ಮತ್ತೆ ಅದ್ದಿದರು. ಈ ಸಲ ಅಲಗು ಇದ್ದ ಹಾಗೆಯೇ ಬಂತು. ಆ ಕೆಂಪು ತಾಮ್ರದ್ದು, ಮೈಲುತುತ್ತದ ಒಳಗಿದ್ದದ್ದು ಎಂದು ನಾನು ಹೇಳಿದೆ. ಕಬ್ಬಿಣದ ಪಾತ್ರೆಯಾಗಿದ್ದರೆ ಆ ತಾಮ್ರ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ನಾಲ್ಕನೆಯ ತರಗತಿಯ ಹುಡುಗಿಯೇ ಹೇಳಿಬಿಟ್ಟಳು: "ಪಾತ್ರೆಗೆ ಅಂಟಿಕೊಳ್ಳುತ್ತಿತ್ತು, ಮರಕ್ಕೆ ಸಿಗುತ್ತಿರಲಿಲ್ಲ." ಮೈಲುತುತ್ತ ವಿಷ; ಮಕ್ಕಳು ಅದನ್ನು ಮುಟ್ಟದಂತೆ ಒಂದು ಹಗ್ಗ ಎಳೆದು ಗೆರೆ ಮಾಡಿಕೊಂಡಿದ್ದೆವು. ಇಂಥ ಕಡೆ ಮಾತಿನ ಎಚ್ಚರಿಕೆ ಸಾಲದು, ಹಗ್ಗವೇ ಬೇಕು.

ತೋಟಕ್ಕೆ ಹೋದರೆ ಉಂಬಳ (ಜಿಗಣೆ) ಹತ್ತದೆ ಇರುವುದಿಲ್ಲ. ಬಟ್ಟೆಯ ತುಂಡಿನಲ್ಲಿ ಉಪ್ಪು ಗಂಟು ಕಟ್ಟಿ ಪ್ರತಿ ಜೋಡಿಗೂ ಒಂದು ಕೊಡುತ್ತೇನೆ. ನಮ್ಮ ಮಕ್ಕಳು ಅದಕ್ಕೆ ಹೆದರುವವರಲ್ಲ. ಹೆದರುವವರು ಪೇಟೆಯಿಂದ ವರ್ಗವಾಗಿ ಬಂದ ಶಿಕ್ಷಕರು.

ಬಸ್ಸಿನ ಮೊದಲ ಪ್ರವಾಸ ಸೆಪ್ಟೆಂಬರಿನಲ್ಲಿ ಮಂಡಗದ್ದೆಗೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ದಾರಿಯಲ್ಲಿ, ರಸ್ತೆಗೆ ಅಂಟಿಕೊಂಡೇ ತುಂಗೆಯ ನಡುವೆ ಇರುವ ಪುಟ್ಟ ನಡುಗಡ್ಡೆ ಅದು. ಜುಲೈಯಿಂದ ಅಕ್ಟೋಬರಿನವರೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಎಲ್ಲರೂ ಪ್ರವಾಸ ಹೊರಡುವ ಡಿಸೆಂಬರಿನಲ್ಲಿ ಹೋದರೆ ಖಾಲಿ ಮರ ನೋಡಿ ಬರಬೇಕು. ಮಳೆಗಾಲದಲ್ಲಿ ಪ್ರವಾಸವೇ ಎಂದು ಅನುಮತಿ ಕೇಳಿದಾಗ ಹುಬ್ಬೇರಿಸುತ್ತಾರೆ. ಹಕ್ಕಿಗಳು ನಮ್ಮ ಪ್ರವಾಸದ ಹಂಗಾಮು ನೋಡಿ ಮೊಟ್ಟೆ ಇಡುವುದಿಲ್ಲ ಎಂದು ಅರ್ಜಿಯಲ್ಲಿ ಬರೆಯಲಾಗದು. ವಿನಯದಿಂದ ಬೇರೆ ಮಾತಿನಲ್ಲಿ ಬರೆಯುತ್ತೇನೆ.

ಅಲ್ಲಿನ ಪ್ರಶ್ನೆ: ಇಲ್ಲಿ ಒಟ್ಟು ಎಷ್ಟು ಹಕ್ಕಿಗಳಿವೆ? ಮಕ್ಕಳು ಮೊದಲು ಒಂದೊಂದೇ ಎಣಿಸಲು ಹೋಗಿ ಸೋಲುತ್ತಾರೆ. ಹಾರುವವು ಹಾರುತ್ತವೆ, ಬರುವವು ಬರುತ್ತವೆ, ಪಕ್ಕದವನ ಎಣಿಕೆ ಕಿವಿಗೆ ಬಿದ್ದು ತನ್ನದು ಮರೆತುಹೋಗುತ್ತದೆ. ಆಗ ಒಂದು ಕೊಂಬೆ ಆರಿಸಿಕೊಂಡು ಅದರಲ್ಲಿರುವುದನ್ನು ಎಣಿಸಿ, ಅಂಥ ಕೊಂಬೆಗಳು ಸುಮಾರು ಎಷ್ಟಿವೆ ಎಂದು ನೋಡಿ ಗುಣಿಸಲು ಹೇಳುತ್ತೇನೆ. ಪ್ರತಿ ಜೋಡಿಯ ಉತ್ತರವೂ ಬೇರೆ ಬರುತ್ತದೆ. ಯಾರದು ಸರಿ ಎಂದು ಪೀಡಿಸುತ್ತಾರೆ, ನಾನು ಹೇಳುವುದಿಲ್ಲ, ನನಗೆ ಗೊತ್ತೂ ಇರುವುದಿಲ್ಲ. ತುಂಬಿದ ಕೊಂಬೆ ಆರಿಸಿದವರ ಲೆಕ್ಕ ದೊಡ್ಡದಾಗಿ, ಖಾಲಿ ಕೊಂಬೆಯವರದು ಚಿಕ್ಕದಾಗಿ ಬಂದದ್ದನ್ನು ಅವರೇ ಪತ್ತೆ ಹಚ್ಚಿದಾಗ ಮಾತ್ರ ಬಾಯಿ ಬಿಡುತ್ತೇನೆ.

ನಮ್ಮ ಬಳಿ ಇರುವುದು ಒಂದೇ ದುರ್ಬೀನು. ಅದನ್ನು ಸರದಿಯ ಮೇಲೆ ಕೊಟ್ಟರೆ ಉಳಿದವರು ಹಕ್ಕಿಯನ್ನು ಬಿಟ್ಟು ದುರ್ಬೀನನ್ನೇ ನೋಡುತ್ತಾ ನಿಲ್ಲುತ್ತಾರೆ. ಅದಕ್ಕೆ ಮೊದಲ ಒಂದು ಗಂಟೆ ಅದು ನನ್ನ ಚೀಲದಲ್ಲೇ ಇರುತ್ತದೆ. ಬರಿಗಣ್ಣಿಗೆ ಏನು ಕಂಡಿತೆಂದು ಚಿತ್ರ ಬರೆದು ತೋರಿಸಿದವರಿಗೆ ಮಾತ್ರ ಆಮೇಲೆ ದುರ್ಬೀನು. ಚಿತ್ರ ಚಂದವಿರಬೇಕಾಗಿಲ್ಲ. ಕೊಕ್ಕು ನೆಟ್ಟಗಿದೆಯೋ ತುದಿಯಲ್ಲಿ ಬಾಗಿದೆಯೋ ಎಂಬುದಷ್ಟೇ ತಿಳಿಯಬೇಕು. ಹಾವಕ್ಕಿಗೂ ನೀರುಕಾಗೆಗೂ ಅಲ್ಲೇ ವ್ಯತ್ಯಾಸ.

ಸಕ್ರೆಬೈಲಿನ ಆನೆ ಬಿಡಾರ ಅದೇ ರಸ್ತೆಯಲ್ಲಿ ಮುಂದೆ, ಶಿವಮೊಗ್ಗಕ್ಕೆ 14 ಕಿಲೋಮೀಟರ್ ಇರುವಾಗ, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ದಂಡೆಯಲ್ಲಿ ಸಿಗುತ್ತದೆ. ಒಂದು ದಿನಕ್ಕೆ ಒಂದೇ ಜಾಗ ಎಂಬ ನನ್ನ ನಿಯಮವನ್ನು ಇಲ್ಲಿ ಸಡಿಲಿಸುತ್ತೇನೆ, ಬಸ್ಸಿನ ಬಾಡಿಗೆ ಒಂದೇ ಆದ್ದರಿಂದ. ಆನೆಗಳ ಸ್ನಾನ ಬೆಳಗಿನ ಹೊತ್ತು. ಹನ್ನೊಂದರ ನಂತರ ಹೋದರೆ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಆನೆ, ಹಿಂದಿರುಗುವಾಗ ಹಕ್ಕಿ.

ಆನೆಯ ಮುಂದೆ ನಿಂತ ಮಗು ಎಲ್ಲವನ್ನೂ ನೋಡುತ್ತದೆ, ಆದ್ದರಿಂದಲೇ ಏನನ್ನೂ ನೋಡುವುದಿಲ್ಲ. ಸೊಂಡಿಲು, ದಂತ, ಕಿವಿ ಎಂದು ಮನೆಗೆ ಬಂದು ಬರೆಯುವುದೆಲ್ಲ ಪುಸ್ತಕದ ಆನೆಯೇ. ಹಾಗಾಗಿ ಪ್ರಶ್ನೆ ಕಾಲಿನ ಹತ್ತಿರ ಇಳಿಯಿತು: ಆನೆಯ ಒಂದೊಂದು ಕಾಲಿಗೆ ಎಷ್ಟು ಉಗುರು? ಮುಂಗಾಲಿಗೆ ಐದು ಎಂದು ಎಲ್ಲರೂ ಒಪ್ಪಿದರು. ಹಿಂಗಾಲಿನ ವಿಷಯಕ್ಕೆ ಜಗಳ.

"ಟೀಚರ್, ಇದಕ್ಕೆ ನಾಲ್ಕೇ ಇದೆ."

"ಒಂದು ಮಣ್ಣಿನಲ್ಲಿ ಮುಚ್ಚಿಹೋಗಿರಬೇಕು ಕಣೋ, ಸರಿಯಾಗಿ ನೋಡು."

ಆನೆ ನೀರಿನಿಂದ ಎದ್ದು ಬರುವವರೆಗೆ ಕಾದರು. ತೊಳೆದ ಕಾಲು, ನಾಲ್ಕೇ ಉಗುರು. ಪಕ್ಕದ ಆನೆಗೂ ನಾಲ್ಕೇ. ಆಗ ಮಾವುತರನ್ನು ಕೇಳಲು ಧೈರ್ಯ ಬಂತು. ಸಾಮಾನ್ಯವಾಗಿ ಹಿಂದೆ ನಾಲ್ಕೇ, ಅಪರೂಪಕ್ಕೆ ಐದಿರುವುದೂ ಉಂಟು ಎಂದು ಅವರು ಹೇಳಿದರು. ಮಾತಿಗೆ ದಾರಿ ಸಿಕ್ಕಿತು ನೋಡಿ, ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ರಾತ್ರಿ ಆನೆಗಳನ್ನು ಕಾಲಿಗೆ ಸರಪಳಿ ಬಿಟ್ಟು ಕಾಡಿಗೆ ಮೇಯಲು ಕಳಿಸುತ್ತಾರೆ, ಬೆಳಿಗ್ಗೆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುತ್ತಾರೆ ಎಂದು ತಿಳಿದಾಗ ಒಬ್ಬನಿಗೆ ನಂಬಿಕೆಯೇ ಬರಲಿಲ್ಲ. ಅವನ ಮನೆಯ ದನ ಸಂಜೆ ತಾನಾಗಿಯೇ ಕೊಟ್ಟಿಗೆಗೆ ಬರುತ್ತದಂತೆ. ಭತ್ತದ ಹುಲ್ಲಿನೊಳಗೆ ಭತ್ತ, ಬೆಲ್ಲ ಇಟ್ಟು ಕಟ್ಟಿದ ಕುಸುರೆ ತಿನ್ನಿಸುವುದನ್ನೂ ನೋಡಿದರು.

ಹಿಂದಿರುಗಿದ ಮೇಲೆ ಬರೆಸುವ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. "ನಾವು ಪ್ರವಾಸ ಹೋದೆವು, ನೋಡಿದೆವು, ತುಂಬಾ ಸಂತೋಷವಾಯಿತು" ಎಂಬ ಮೂರು ವಾಕ್ಯಗಳಿಗೆ ನನ್ನ ತರಗತಿಯಲ್ಲಿ ನಿಷೇಧ. ಬೇರೆ ಯಾರೂ ನೋಡಿರಲಾರರು ಎನ್ನಿಸುವ ಒಂದೇ ಸಂಗತಿ ಬರೆಯಬೇಕು. ಒಂದರಿಂದ ಮೂರರವರೆಗಿನ ನಲಿ-ಕಲಿ ತರಗತಿಯಿಂದ ಬಂದ ವರ್ಷವೇ ಬರವಣಿಗೆಯಲ್ಲಿ ಒತ್ತಕ್ಷರಕ್ಕೆ ತಡವರಿಸುತ್ತಿದ್ದ ಒಬ್ಬ ಹುಡುಗ ಹೀಗೆ ಬರೆದ: "ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿತ್ತು. ನಮ್ಮ ಅಜ್ಜಿ ಜಗಲಿಯಲ್ಲಿ ಕೊಡೆ ಒಣಗಿಸಿದ ಹಾಗೆ." ಒಣಗಿಸುತ್ತಿದ್ದದ್ದೇ ನಿಜ, ನೀರುಕಾಗೆಯ ಗರಿ ನೀರಿನಲ್ಲಿ ನೆನೆಯುತ್ತದೆ. ಕಾಗುಣಿತದ ತಪ್ಪುಗಳಿದ್ದವು, ಅಂದು ಕೆಂಪು ಶಾಯಿ ಮುಟ್ಟಲಿಲ್ಲ.

ಜೋಗಕ್ಕೂ ಹೋಗುತ್ತೇವೆ. ಮಕ್ಕಳ ಆಸೆ, ಹೆತ್ತವರ ಆಸೆ, ಅದು ತಪ್ಪಿದ್ದಲ್ಲ. 253 ಮೀಟರ್ ಎಂದರೆ 15 ಮೀಟರಿನ ಅಡಿಕೆ ಮರಗಳನ್ನು ಒಂದರ ಮೇಲೊಂದು ಹದಿನೇಳು ನಿಲ್ಲಿಸಬೇಕು ಎಂದು ಲೆಕ್ಕ ಹಾಕಿಕೊಂಡೇ ಹೋಗಿದ್ದೆವು. ಡಿಸೆಂಬರಿನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಣಕಲಾಗಿದ್ದರಿಂದ ಪ್ರಶ್ನೆ ತಾನಾಗಿಯೇ ಹುಟ್ಟಿತು: ನೀರು ಎಲ್ಲಿ ಹೋಯಿತು? ಮೇಲೆ ಲಿಂಗನಮಕ್ಕಿಯಲ್ಲಿ 1964ರಿಂದ ಕಟ್ಟೆಯೊಳಗೆ ನಿಂತಿದೆ, ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಹೋಗಿ, ಕೊಳವೆಯಲ್ಲಿಳಿದು ವಿದ್ಯುತ್ತಾಗುತ್ತದೆ. ಶರಾವತಿ ಹುಟ್ಟುವುದು ನಮ್ಮದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಎಂಬುದನ್ನು ಕೇಳಿದ ಮೇಲೆ, ಹಾಗಾದರೆ ಅದು ನಮ್ಮ ನೀರು ಎಂದು ಹಕ್ಕು ಸ್ಥಾಪಿಸಿದರು.

ಆ ಮಾತನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ನಮ್ಮ ಒಬ್ಬ ವಿದ್ಯಾರ್ಥಿನಿಯ ಅಜ್ಜನವರು ಆ ಕಟ್ಟೆಯ ಮುಳುಗಡೆಯಿಂದ ಎದ್ದು ಬಂದವರು. ಅವರನ್ನು ತರಗತಿಗೆ ಕರೆದೆವು. ಮನೆಯ ಹೆಂಚು, ಬಾಗಿಲು, ದಾರಂದ ಎಲ್ಲ ಕಳಚಿ ಲಾರಿಗೆ ಹೇರಿದ್ದನ್ನು, ತಾವು ಓದುತ್ತಿದ್ದ ಶಾಲೆಯೂ ನೀರಿನಡಿ ಹೋದದ್ದನ್ನು ಹೇಳಿದರು. "ಅಜ್ಜ, ಆಗ ನಿಮ್ಮ ಶಾಲೆಗೆ ಎಷ್ಟು ದಿನ ರಜೆ ಕೊಟ್ಟರು?" ಎಂದು ಒಬ್ಬ ಕೇಳಿದ. ಅಜ್ಜ ನಕ್ಕರು, "ಆ ಶಾಲೆಗೆ ಇನ್ನೂ ರಜೆಯೇ ಮಾರಾಯ" ಎಂದರು. ವಿದ್ಯುತ್ತು ಬೇಕೇ ಬೇಡವೇ ಎಂಬ ವಾದ ತರಗತಿಯಲ್ಲಿ ಒಂದು ವಾರ ನಡೆಯಿತು. ಮಕ್ಕಳು ಎರಡು ಪಂಗಡವಾದರು, ಒಪ್ಪಂದವಾಗಲಿಲ್ಲ. ನಾನೂ ಮಾಡಿಸಲು ಹೋಗಲಿಲ್ಲ.

ಇನ್ನು ವ್ಯವಸ್ಥೆಯ ಮಾತು, ಕೇಳುವವರಿಗಾಗಿ. ಎಸ್‌ಡಿಎಂಸಿ ನಡಾವಳಿ, ಪ್ರತಿ ಮಗುವಿನ ಪೋಷಕರ ಒಪ್ಪಿಗೆ ಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಇಲ್ಲದೆ ಬಸ್ಸು ಹತ್ತಬಾರದು. ಬಸ್ಸು ಕೆಎಸ್‌ಆರ್‌ಟಿಸಿಯದ್ದಾದರೆ ಅರ್ಧ ತಲೆನೋವು ಕಡಿಮೆ. ಹೋಗುವ ಜಾಗಕ್ಕೆ ಶಿಕ್ಷಕರೊಬ್ಬರು ಮೊದಲೇ ಹೋಗಿ ಶೌಚಾಲಯ ತೆರೆದಿರುತ್ತದೆಯೇ ಎಂದು ನೋಡಿ ಬರಬೇಕು, ಹೆಣ್ಣುಮಕ್ಕಳು ಅದಕ್ಕಾಗಿಯೇ ದಿನವಿಡೀ ನೀರು ಕುಡಿಯದೆ ಇರುತ್ತಾರೆ. ತಿರುವಿನ ದಾರಿಗೆ ಬೆಳಿಗ್ಗೆ ಪೂರಿ, ವಡೆ ಬೇಡ, ಇಡ್ಲಿ ಸಾಕು; ವಾಂತಿಯವರಿಗೆ ಮುಂದಿನ ಸೀಟು. ಅಡುಗೆಯ ಅಕ್ಕಂದಿರು ಚಿತ್ರಾನ್ನ ಕಟ್ಟಿಕೊಡುತ್ತಾರೆ, ಅವರಲ್ಲಿ ಒಬ್ಬರನ್ನು ಬಸ್ಸಿಗೆ ಕರೆದುಕೊಂಡರೆ ಇನ್ನೂ ಒಳ್ಳೆಯದು. ತಲೆ ಎಣಿಸುವುದಕ್ಕಿಂತ ಜೋಡಿ ಮಾಡುವುದು ಭದ್ರ. ನನ್ನ ಜೋಡಿ ಎಲ್ಲಿ ಎಂದು ಮಗು ಕೂಗುವಷ್ಟು ಬೇಗ ನಮ್ಮ ಎಣಿಕೆ ಮುಗಿಯುವುದಿಲ್ಲ.

ಈ ವರ್ಷ ಐದನೆಯ ತರಗತಿಯವರು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಕದಂಬರ ಸ್ತಂಭ ಶಾಸನ ಅಲ್ಲಿದೆ. ಲಿಪಿ ಓದಲು ನಮ್ಮಲ್ಲಿ ಯಾರಿಗೂ ಬಾರದು. ಓದಲು ಬಾರದ ಕಲ್ಲಿನ ಮುಂದೆ ಹತ್ತು ವರ್ಷದ ಮಕ್ಕಳಿಗೆ ಏನು ಪ್ರಶ್ನೆ ಕೊಡುವುದು ಎಂದು ಯೋಚಿಸುತ್ತಿದ್ದೇನೆ. ಅದು ಹೊಳೆದ ಮೇಲೆಯೇ ಬಸ್ಸಿಗೆ ಅರ್ಜಿ.