12 ವೋಲ್ಟ್ ಲೈನಿನಲ್ಲಿ ವೋಲ್ಟೇಜ್ ಎಲ್ಲಿ ಬೀಳುತ್ತಿದೆ? ನಾನು ಅಳೆಯುವ ಕ್ರಮ

ಬ್ಯಾಟರಿ ಹತ್ತಿರ 12.4 ವೋಲ್ಟ್ ಇರುತ್ತದೆ, 18 ಮೀಟರ್ ಆಚೆ ಕೊಟ್ಟಿಗೆಯ ಎಲ್‌ಇಡಿ ಸ್ಟ್ರಿಪ್ ಮಾತ್ರ ಮಂಕು. ಇಂಥ ಕಡೆ ನಾನು ಹಿಡಿಯುವುದು ಕಿರ್ಚಾಫ್‌ನ ವೋಲ್ಟೇಜ್ ನಿಯಮವನ್ನು: ಸರ್ಕ್ಯೂಟನ್ನು ಒಂದು ಸುತ್ತು ಹಾಕಿದರೆ ಬ್ಯಾಟರಿ ಕೊಟ್ಟ ವೋಲ್ಟೇಜ್ ಪೂರ್ತಿ ಲೆಕ್ಕಕ್ಕೆ ಸಿಗಲೇಬೇಕು.

ಅಳೆಯುವುದು ದೀಪ ಉರಿಯುತ್ತಿರುವಾಗಲೇ. ಸ್ಟ್ರಿಪ್ ಬಿಚ್ಚಿ ಅಳೆದರೆ ತುದಿಯಲ್ಲೂ 12.4 ತೋರಿಸುತ್ತದೆ. ಕರೆಂಟ್ ಹರಿಯದಿದ್ದರೆ ಡ್ರಾಪೂ (ದಾರಿಯಲ್ಲಿ ವೋಲ್ಟೇಜ್ ಬೀಳುವುದೂ) ಇಲ್ಲ, ಓಮ್‌ನ ನಿಯಮ (ವೋಲ್ಟೇಜ್ = ಕರೆಂಟ್ × ರೋಧ) ಹೇಳುವುದೂ ಅದನ್ನೇ. ವೈರ್ ಸರಿಯಿದೆ ಎಂದು ಅನೇಕರು ಮೋಸಹೋಗುವುದು ಇಲ್ಲೇ.

ಮೊದಲು ಮಲ್ಟಿಮೀಟರಿನಲ್ಲಿ ಕರೆಂಟ್ ನೋಡುತ್ತೇನೆ: 4 ಆಂಪಿಯರ್. ಆಮೇಲೆ ಕೆಂಪು ಪ್ರೋಬನ್ನು 10 ಆಂಪಿಯರ್ ಸಾಕೆಟ್ಟಿನಿಂದ ತೆಗೆದು ವೋಲ್ಟ್ ಸಾಕೆಟ್ಟಿಗೆ ಹಾಕಲೇಬೇಕು. ಮರೆತು ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್. ನಂತರ ಒಂದೊಂದೇ ಭಾಗದ ಎರಡು ತುದಿಗೆ ಪ್ರೋಬ್ ಇಡುತ್ತೇನೆ. ಪ್ಲಸ್ ವೈರಿನಲ್ಲಿ 0.96, ಮೈನಸ್ ವೈರಿನಲ್ಲಿ 0.96, ಸ್ವಿಚ್ಚಿನಲ್ಲಿ 0.04, ಫ್ಯೂಸ್ ಹೋಲ್ಡರಿನಲ್ಲಿ 0.42, ಸ್ಟ್ರಿಪ್ಪಿನಲ್ಲಿ 10.02. ಕೂಡಿಸಿದರೆ ಸರಿಯಾಗಿ 12.40. ವೈರಿನ ಆ ತುದಿ ಮುಟ್ಟಲು ಪ್ರೋಬಿಗೆ ತೆಳು ವೈರ್ ಉದ್ದಕ್ಕೆ ಸೇರಿಸಿದರೂ ನಡೆಯುತ್ತದೆ. ಮೀಟರಿನ ರೋಧ ಸಾಮಾನ್ಯವಾಗಿ 10 ಮೆಗಾಓಮ್ ಇರುವುದರಿಂದ ಆ ವೈರಿನಲ್ಲಿ ಹೇಳಿಕೊಳ್ಳುವಷ್ಟು ಡ್ರಾಪ್ ಆಗುವುದಿಲ್ಲ.

ಈಗ ತಪ್ಪಿತಸ್ಥರು ಇಬ್ಬರು. 1.5 ಚದರ ಮಿ.ಮೀ. ಫ್ಲೆಕ್ಸಿಬಲ್ ತಾಮ್ರದ ವೈರಿಗೆ ಕಿಲೋಮೀಟರಿಗೆ 13.3 ಓಮ್, ಹೋಗಿ ಬರುವ 36 ಮೀಟರಿಗೆ 0.48 ಓಮ್, 4 ಆಂಪಿಯರಿಗೆ 1.92 ವೋಲ್ಟ್. ಅಳೆದಾಗ ಎರಡು ವೈರಿನಲ್ಲಿ ಸಿಕ್ಕಿದ್ದೂ ಅಷ್ಟೇ. ಅಂದರೆ ವೈರ್ ಅಸಲಿ, ದಪ್ಪ ಸಾಲದು. ಲೆಕ್ಕಕ್ಕಿಂತ ಹೆಚ್ಚು ಡ್ರಾಪ್ ಬಂದಿದ್ದರೆ ಬ್ಲೇಡಿನಲ್ಲಿ ಎಳೆ ಕೆರೆದು ನೋಡುತ್ತೇನೆ: ಒಳಗೆ ಬೆಳ್ಳಗಿದ್ದರೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಇನ್ನು ಫ್ಯೂಸ್ ಹೋಲ್ಡರ್. 10 ಆಂಪಿಯರ್ ಬ್ಲೇಡ್ ಫ್ಯೂಸ್ ಬಿಗಿಯಾಗಿ ಕೂತಿದ್ದರೆ 0.05 ವೋಲ್ಟಿನ ಆಸುಪಾಸು ಸಾಕಿತ್ತು. 0.42 ವೋಲ್ಟ್, 4 ಆಂಪಿಯರ್ ಎಂದರೆ 1.7 ವ್ಯಾಟ್ ಶಾಖ ಒಂದು ಸಣ್ಣ ಪ್ಲಾಸ್ಟಿಕ್ಕಿನೊಳಗೆ. ಹೋಲ್ಡರ್ ಕರಗುವುದು ಹೀಗೆ. ಫ್ಯೂಸ್ ಸುಡುವುದೂ ಇಲ್ಲ, ಕರೆಂಟ್ ಮಿತಿಯೊಳಗೇ ಇದೆಯಲ್ಲ! ಮಂಕು ದೀಪಕ್ಕಿಂತ ನನಗೆ ಭಯ ಇದರದ್ದೇ.

ಹೋಲ್ಡರ್ ಬದಲಿಸಿ 4 ಚದರ ಮಿ.ಮೀ. ವೈರ್ ಎಳೆದರೆ ತುದಿಯಲ್ಲಿ ಸುಮಾರು 11.5 ವೋಲ್ಟ್ ಸಿಗುತ್ತದೆ. ಆಗ ಸ್ಟ್ರಿಪ್ ಎಳೆಯುವ ಕರೆಂಟೂ ಏರುವುದರಿಂದ ಅರ್ಧ ಗಂಟೆ ಉರಿಸಿ, ಪ್ರತಿ ಜಾಯಿಂಟಿನ ಡ್ರಾಪನ್ನು ಮತ್ತೊಮ್ಮೆ ಅಳೆಯುತ್ತೇನೆ.