ಅಮೆರಿಕದ ಹಡಗುಗಳು ಉಳಿಯಬೇಕಾ? ಮೊದಲು ಕ್ಯಾರಿಯರ್ ಕೊಳ್ಳಿ

ಆಕ್ಸಿಸ್ ಅಂಡ್ ಅಲೈಸ್ ಪೆಸಿಫಿಕ್ 1940 ಎಂಬ ಯುದ್ಧದ ಬೋರ್ಡ್ ಆಟದಲ್ಲಿ ಅಮೆರಿಕ ಆಡುವವರಿಗೆ ಒಂದು ಸಲಹೆ. ದುಡ್ಡು ಬಂದ ಕೂಡಲೇ ಬ್ಯಾಟಲ್‌ಶಿಪ್ (ದೊಡ್ಡ ಯುದ್ಧನೌಕೆ) ಕಡೆ ಮನಸ್ಸು ಹೋಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ, ಲೆಕ್ಕ ನೋಡಿ. ವಿಮಾನ ಹೊರುವ ಹಡಗು ಕ್ಯಾರಿಯರ್‌ಗೆ 16, ಅದರ ಮೇಲಿನ ಎರಡು ಫೈಟರ್ ವಿಮಾನಗಳಿಗೆ 20, ಒಟ್ಟು 36. ಇವು ನಾಲ್ಕು ಏಟು ತಾಳುತ್ತವೆ. ರಕ್ಷಣೆಯಲ್ಲಿ ಫೈಟರ್‌ಗಳ ಬಲ ತಲಾ 4, ಕ್ಯಾರಿಯರ್‌ದು 2. ಅದೇ 36ಕ್ಕೆ ಒಂದು ಬ್ಯಾಟಲ್‌ಶಿಪ್, ಎರಡು ಡಿಸ್ಟ್ರಾಯರ್ (ಸಣ್ಣ ಯುದ್ಧನೌಕೆ) ಬರುತ್ತವೆ. ತಾಳುವ ಏಟು ಅಷ್ಟೇ, ಆದರೆ ತಿರುಗಿಸಿ ಹೊಡೆಯುವ ಬಲ 10ರ ಬದಲು 8.

ಹಾಗಂತ ಡಿಸ್ಟ್ರಾಯರ್ ಬಿಡಬೇಡಿ. ಬೆಲೆ 8 ಮಾತ್ರ, ಕೆಲಸ ಜಾಸ್ತಿ. ಜಪಾನ್ ಹಡಗುಗಳು ಕ್ಯಾರೊಲಿನ್ ದ್ವೀಪಗಳ ನೌಕಾನೆಲೆಯಿಂದ ಮೂರು ಮನೆ ದಾಟಿ ಹವಾಯಿಗೂ ಬರಬಹುದು, ಕ್ವೀನ್ಸ್‌ಲ್ಯಾಂಡ್‌ಗೂ ಹೋಗಬಹುದು. ನಡುದಾರಿಯಲ್ಲಿ ಒಂದೇ ಒಂದು ಡಿಸ್ಟ್ರಾಯರ್ ನಿಲ್ಲಿಸಿ. ಶತ್ರುಹಡಗುಗಳು ಅಲ್ಲೇ ನಿಂತು ಕಾದಾಡಬೇಕು, ಸಬ್‌ಮರೀನ್ ಕೂಡ ನುಸುಳುವ ಹಾಗಿಲ್ಲ. ಬೇರೆ ದಾರಿ ಇದ್ದರೆ ಅಲ್ಲೂ ಒಂದು ಬೇಕು. ವಿಮಾನಗಳು ಮಾತ್ರ ಹಾರಿ ಬರುತ್ತವೆ, ಹುಷಾರು.

ಏಟು ಬಿದ್ದಾಗ ಮೊದಲು ಬ್ಯಾಟಲ್‌ಶಿಪ್‌ಗೆ ಹಾಕಿ, ಆಮೇಲೆ ಡಿಸ್ಟ್ರಾಯರ್ ಕಳೆಯಿರಿ. ಏಟು ತಿಂದ ಕ್ಯಾರಿಯರ್ ಮೇಲೆ ವಿಮಾನ ಇಳಿಯುವುದಿಲ್ಲ. ಪಕ್ಕದಲ್ಲಿ ಇಳಿಯಲು ಜಾಗ ಇಲ್ಲದಿದ್ದರೆ ಫೈಟರ್‌ಗಳೂ ಹೋದವು. ಅದಕ್ಕೇ ಹವಾಯಿಯ ಕಡಲಲ್ಲೇ ಇರಿ. ಅಲ್ಲಿನ ಏರ್‌ಬೇಸ್‌ನಿಂದ (ವಿಮಾನನೆಲೆ) ಮೂರು ವಿಮಾನಗಳು ಸಹಾಯಕ್ಕೆ ಏಳಬಹುದು. ಅಲ್ಲಿನ ನೌಕಾನೆಲೆಯಲ್ಲಿ ಹಡಗು ರಿಪೇರಿಗೆ ದುಡ್ಡೂ ಬೇಕಿಲ್ಲ.

ಟ್ರಾನ್ಸ್‌ಪೋರ್ಟ್‌ಗಳನ್ನು (ಸೈನ್ಯ ಸಾಗಿಸುವ ಹಡಗು) ಎಲ್ಲೂ ಒಂಟಿಯಾಗಿ ಬಿಡಬೇಡಿ, ಅವುಗಳ ರಕ್ಷಣೆ ಸೊನ್ನೆ.