ಮಿಡಿ ಉಪ್ಪಿನಕಾಯಿ ಸೋರದಂತೆ ಕೊರಿಯರ್ ಮಾಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಸಾಗರದಿಂದ ಪುಣೆಯಲ್ಲಿರುವ ಮಗಳಿಗೆ ಒಂದು ಪೆಟ್ಟಿಗೆ ಕಳಿಸಿದ್ದೆ. ಮಿಡಿ ಉಪ್ಪಿನಕಾಯಿ, ಒಂದು ಬಾಟಲಿ ಜೋನಿ ಬೆಲ್ಲ (ದ್ರವದಂತಿರುವ ಬೆಲ್ಲ), ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡೆದೇವು. ಜಾಗ ಉಳಿದಿದೆಯಲ್ಲ ಅಂತ ಅವಳ ರೇಷ್ಮೆ ಸೀರೆಯನ್ನೂ ತುರುಕಿದ್ದೆ. ಮೂರನೇ ದಿನ ಫೋನು ಬಂತು. "ಅಮ್ಮಾ, ಸೀರೆಗೂ ಉಪ್ಪಿನಕಾಯಿ ಹಾಕಿ ಕಳಿಸಿದ್ದೀಯಲ್ಲ!" ತೊಡೆದೇವು ಪುಡಿಯಾಗಿತ್ತಂತೆ. ಅದನ್ನು ಹಾಲಿಗೆ ಹಾಕಿಕೊಂಡು ತಿಂದಳು, ಆ ಮಾತು ಬೇರೆ.

ತಪ್ಪು ಕೊರಿಯರಿನವರದ್ದಲ್ಲ, ನನ್ನದೇ. ಪಕ್ಕದ ಮನೆಗೆ ಕೊಟ್ಟು ಬರುವವಳ ಹಾಗೆ ಕಟ್ಟಿದ್ದೆ. ಪೆಟ್ಟಿಗೆ ನಮ್ಮ ಕೈ ಬಿಟ್ಟ ಮೇಲೆ ವ್ಯಾನು ಹತ್ತುತ್ತದೆ, ಗೋಡೌನಿನಲ್ಲಿ ಇಳಿಯುತ್ತದೆ, ಮತ್ತೆ ಲಾರಿ ಹತ್ತುತ್ತದೆ. ಅದರ ಮೇಲೆ ಬೇರೆ ಯಾರದೋ ಮಿಕ್ಸಿ ಕೂರುತ್ತದೆ. ಎಲ್ಲೋ ಒಂದು ಕಡೆ ತಲೆಕೆಳಗೂ ಆಗುತ್ತದೆ. ಬಾಟಲಿ ಸೋರಿಯೇ ಸೋರುತ್ತದೆ ಅಂದುಕೊಂಡೇ ಕಟ್ಟಬೇಕು. ಸೋರಿದರೂ ಆಚೆ ಬರಬಾರದು, ಅಷ್ಟೆ.

ಮೊದಲು ಬಾಟಲಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ. ಗಾಜು ಬೇಡ. ದಪ್ಪ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ ಬಾಟಲಿ ಸಾಕು. ಕತ್ತಿನವರೆಗೆ ತುಂಬಬೇಡಿ, ಎರಡು ಬೆರಳು ಜಾಗ ಬಿಡಿ. ಬಾಯಿಯ ಅಂಚನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಎಣ್ಣೆಯ ಪಸೆ ಇದ್ದರೆ ಮುಚ್ಚಳ ಜಾರುತ್ತದೆ, ಟೇಪೂ ಹಿಡಿಯುವುದಿಲ್ಲ. ಬಾಯಿಯ ಮೇಲೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಮುಚ್ಚಳ ತಿರುಗಿಸಿ. ಮುಚ್ಚಳ ಮತ್ತು ಬಾಟಲಿ ಸೇರುವ ಕಡೆ ಟೇಪನ್ನು ಮೂರು ಸುತ್ತು ಸುತ್ತಿ. ಮುಚ್ಚಳ ಬಿಗಿಯಾಗುವ ದಿಕ್ಕಿಗೇ ಸುತ್ತಬೇಕು.

ಆಮೇಲೆ ಸಿಂಕಿನಲ್ಲಿ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಗ್ಗೆ ಒಂದು ಹನಿ ಕಂಡರೂ ಆ ಬಾಟಲಿ ಬೇಡ. ಈ ಪರೀಕ್ಷೆ ಯಾರೂ ಮಾಡುವುದಿಲ್ಲ, ಆಮೇಲೆ ಕೊರಿಯರಿನವರನ್ನು ಬೈಯುತ್ತಾರೆ. ಪಾಸಾದ ಬಾಟಲಿಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಒಂದು ಜಿಪ್ ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ. ಪೇಪರು ರಸ ಹೀರುತ್ತದೆ, ಕವರು ತಡೆಯುತ್ತದೆ.

ತುಪ್ಪಕ್ಕೂ ಇದೇ ಕ್ರಮ. ತಣ್ಣಗಾಗಿ ಗಟ್ಟಿಯಾದ ಮೇಲೆಯೇ ಕಟ್ಟಿ. ದಾರಿಯ ಬಿಸಿಲಿಗೆ ಅದು ಮತ್ತೆ ಕರಗುತ್ತದೆ ಅನ್ನುವುದೂ ನೆನಪಿರಲಿ.

ತೊಡೆದೇವಿಗೆ ಗಟ್ಟಿ ಡಬ್ಬವೇ ಬೇಕು. ಒಂದೊಂದು ತೊಡೆದೇವಿನ ನಡುವೆ ಕಾಗದ ಇಟ್ಟು ಜೋಡಿಸಿ, ಮುಚ್ಚಳ ಮುಟ್ಟುವವರೆಗೆ ಮೇಲೆ ಕಾಗದದ ಉಂಡೆ ತುಂಬಿ. ಹಪ್ಪಳದ ಕಟ್ಟಿಗೆ ಮೇಲೊಂದು ಕೆಳಗೊಂದು ರಟ್ಟಿನ ತುಂಡು ಇಟ್ಟು ದಾರ ಕಟ್ಟಿದರೆ ಸಾಕು.

ಪೆಟ್ಟಿಗೆ

ರಟ್ಟನ್ನು ಕತ್ತರಿಸಿ ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಒಂದು ಅಲೆಯಂಥ ಹಾಳೆ ಇದ್ದರೆ ಅದು ಮೂರು ಪ್ಲೈ, ಅಂದರೆ ಮೂರು ಪದರ. ಇಂಥ ಎರಡು ಅಲೆ ಇದ್ದರೆ ಐದು ಪ್ಲೈ. ಬಾಟಲಿ ಹೋಗುವುದಾದರೆ ಐದು ಪ್ಲೈ ತೆಗೆದುಕೊಳ್ಳಿ. ಕಿರಾಣಿ ಅಂಗಡಿಯ ಬಿಸ್ಕತ್ತಿನ ಪೆಟ್ಟಿಗೆ ಹಗುರ ಸಾಮಾನಿಗೆ ಸರಿ. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಪೆಟ್ಟಿಗೆ ಮಾತ್ರ ಬೇಡ. ನಮ್ಮ ಮಳೆಗಾಲದ ತೇವ ಕುಡಿದ ರಟ್ಟು ಹಪ್ಪಳದ ಹಿಟ್ಟಿನಷ್ಟೇ ಗಟ್ಟಿ!

ದೊಡ್ಡ ಪೆಟ್ಟಿಗೆ ಸಿಕ್ಕಿತು ಅಂತ ಸುಮ್ನೆ ಖುಷಿಪಡಬೇಡಿ. ಕೊರಿಯರಿನವರು ತೂಕದ ಜತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 30, 25 ಸೆಂ.ಮೀ. ಅಳತೆಯ ಪೆಟ್ಟಿಗೆಗೆ ಲೆಕ್ಕ 6 ಕೆ.ಜಿ. ಒಳಗೆ ಇರುವುದು 3 ಕೆ.ಜಿ. ಆದರೂ 6 ಕೆ.ಜಿ.ಯ ದುಡ್ಡೇ. ಖಾಲಿ ಗಾಳಿಗೆ ದುಡ್ಡು ಕೊಟ್ಟ ಹಾಗೆ, ಅಲ್ವಾ?

ಜೋಡಿಸುವುದು

ತಳಕ್ಕೆ ಮುದುಡಿದ ಪೇಪರು ಸುಮಾರು ಎರಡು ಇಂಚು. ಭಾರದ್ದು ಕೆಳಗೆ, ನಡುವೆ. ಬಾಟಲಿ ಪೆಟ್ಟಿಗೆಯ ಗೋಡೆಗೂ ತಾಗಬಾರದು, ಇನ್ನೊಂದು ಬಾಟಲಿಗೂ ತಾಗಬಾರದು. ಬಬಲ್ ರ್‍ಯಾಪ್ ಇದ್ದರೆ ಗುಳ್ಳೆ ಒಳಮುಖವಾಗಿ ಸುತ್ತಿ. ಇಲ್ಲದಿದ್ದರೆ ಹಳೇ ಟವೆಲ್ಲು, ಲುಂಗಿ ಆಗುತ್ತದೆ. ನಾನು ಈಗ ಸಂದಿಗಳಲ್ಲಿ ಮಂಡಕ್ಕಿಯ ಪೊಟ್ಟಣ ಇಡುತ್ತೇನೆ. ಹಗುರ, ಮೆತ್ತಗೆ, ಅಲ್ಲಿ ಹೋದ ಮೇಲೆ ಸಂಜೆಗೆ ಒಗ್ಗರಣೆ ಹಾಕಿಕೊಳ್ಳಬಹುದು. ರೇಷ್ಮೆ ಸೀರೆ ಬೇರೆ ಪೆಟ್ಟಿಗೆಯಲ್ಲಿ!

ಮುಚ್ಚಿ ಅಲ್ಲಾಡಿಸಿ. ಒಳಗೆ ಏನಾದರೂ ಸರಿದ ಸದ್ದು ಬಂದರೆ ಇನ್ನೂ ತುಂಬಬೇಕು.

ಟೇಪು ಎರಡು ಇಂಚಿನದು ತನ್ನಿ. ನಡುವಿನ ಸೀಳಿಗೆ ಉದ್ದಕ್ಕೆ ಒಂದು, ಎರಡೂ ಅಂಚಿಗೆ ಒಂದೊಂದು. ತಳಕ್ಕೂ ಹೀಗೇ ಹಾಕಿ, ಅಲ್ಲೇ ಎಲ್ಲರೂ ಜಿಪುಣತನ ತೋರಿಸುವುದು. ಆದರೆ ಮೇಲ್ಭಾಗವನ್ನು ಮನೆಯಲ್ಲೇ ಪೂರ್ತಿ ಅಂಟಿಸಬೇಡಿ. ಕೌಂಟರಿನಲ್ಲಿ ತೆರೆದು ತೋರಿಸಿ ಅನ್ನುವುದುಂಟು. ಟೇಪು, ಕತ್ತರಿ ಜತೆಗೆ ಒಯ್ಯಿರಿ. ಅಂಟಿಸುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ.

ಒಳಗೆ ಏನಿದೆ ಎಂದು ಕೇಳಿದರೆ ನಿಜ ಹೇಳಿ. ಬೆಂಕಿಪೆಟ್ಟಿಗೆ, ಸೆಂಟು, ಪವರ್ ಬ್ಯಾಂಕಿಗೆ ವಿಮಾನದಲ್ಲಿ ತಕರಾರು ಇರುವುದು ಗೊತ್ತೇ ಇದೆ. ನನಗೆ ಆಶ್ಚರ್ಯವಾದದ್ದು ಕೊಬ್ಬರಿ. ಅದರ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನ ಸಾಗಣೆಯ ನಿಯಮದಲ್ಲಿ ಅದು ಅಪಾಯದ ಸರಕು. ದೇವರ ಪ್ರಸಾದದ ಗಿಟುಕು ಕಳಿಸುವವರು ಮೊದಲೇ ವಿಚಾರಿಸಿ.

ವಿಳಾಸ

ವಿಳಾಸದ ಚೀಟಿಯ ಮೇಲೆ ಪಾರದರ್ಶಕ ಟೇಪು ಅಂಟಿಸಿ, ಮಳೆಗೆ ಶಾಯಿ ಹರಡುವುದಿಲ್ಲ. ಇಬ್ಬರ ಫೋನ್ ನಂಬರೂ ಇರಲಿ. ಅದೇ ವಿಳಾಸದ ಇನ್ನೊಂದು ಚೀಟಿ ಪೆಟ್ಟಿಗೆಯ ಒಳಗೂ ಇರಲಿ. ಪಿನ್ ಕೋಡನ್ನು ಎರಡು ಸಲ ನೋಡಿ. ಸಾಗರಕ್ಕೆ 577401, ಶಿರಸಿಗೆ 581401. ಮೊದಲ ಮೂರು ಅಂಕಿ ತಪ್ಪಿದರೆ ಪೆಟ್ಟಿಗೆ ಬೇರೆ ಜಿಲ್ಲೆಗೇ ಹೊರಡುತ್ತದೆ. 'ಒಡೆಯುವ ವಸ್ತು, ಜೋಪಾನ' ಅಂತ ಬರೆಯಿರಿ, ಬೇಡ ಅನ್ನುವುದಿಲ್ಲ. ಅದನ್ನು ನಂಬಿ ಪೇಪರು ಕಡಿಮೆ ಮಾಡಬೇಡಿ.

ಸೋಮವಾರವೋ ಮಂಗಳವಾರವೋ ಕೊಡಿ. ಶನಿವಾರ ಕೊಟ್ಟರೆ ಭಾನುವಾರ ಪೂರ್ತಿ ಗೋಡೌನಿನ ಸೆಕೆಯಲ್ಲಿ ಬಿದ್ದಿರುತ್ತದೆ. ಜೋನಿ ಬೆಲ್ಲ ಸೆಕೆಗೆ ಹುಳಿಯೆದ್ದು ಉಬ್ಬುವುದುಂಟು. ರಸೀದಿಯ ಫೋಟೊ ಮಗಳಿಗೆ ಕಳಿಸುವಾಗ ನಾನು ಇದನ್ನೂ ಬರೆಯುತ್ತೇನೆ: ಮುಚ್ಚಳ ಸಿಂಕಿನ ಮೇಲೆ ಹಿಡಿದು ತೆಗಿ, ನಿಧಾನಕ್ಕೆ.